ಸಿಂಧೂ ಅತ್ಯಾ ಕೇಳಿದ ದೊರಸಾನಿ ಕತಿ

ಟಣ್. ಹಿತ್ತಾಳೆ ಲೋಟ ಕಲ್ಲಿನ ಗೂಡಿನೊಳಗೆ ಬೋರಲು ಬೀಳುವ ಸಪ್ಪಳ. ಬಸವನ ಬಾಗೇವಾಡಿಯ ನಮ್ಮ ಮನೆಯನ್ನು ನೆನೆದಾಗಲೆಲ್ಲ ಮೊದಲು ಕಿವಿಗೆ ಬರುವುದು ಅದೇ. ತಲಬಾಗಿಲಿನ ಹೊರಗೆ, ಕಟ್ಟೆಯ ಮೇಲಿನ ಗೋಡೆಯಲ್ಲಿ ಆ ಗೂಡು. ಅದರಲ್ಲಿ ಮಾಳಪ್ಪ ಮಾಸ್ತರರಿಗಂತ ಇಟ್ಟ ಲೋಟ. ಮಾಸ್ತರರು ಹೂವಿನ ಹಿಪ್ಪರಗಿಯ ಕಡೆಯವರು, ಕುರಿ ಕಾಯುವ ಮನೆತನ. ನಮ್ಮೂರ ಸಾಲಿಯಲ್ಲಿ ಕಲಿಸುತ್ತಿದ್ದರು. ಸಾಲಿ ಬಿಟ್ಟ ಮೇಲೆ ನಮ್ಮ ಕಟ್ಟೆಗೆ ಬಂದು ಪೇಪರ್ ಓದುತ್ತಿದ್ದರು, ಯಾಕಂದರೆ ಆ ಓಣಿಯಲ್ಲಿ ಇಂಗ್ಲಿಷ್ ಪೇಪರ್ ತರಿಸುತ್ತಿದ್ದವರು ವಕೀಲರಾದ ನಮ್ಮಪ್ಪ ಮಾತ್ರ. ನೀರಡಿಸಿದರೆ ಒಳಗಿನಿಂದ ಯಾರಾದರೂ ತಂಬಿಗೆ ತಂದು, ತಾಗದ ಹಾಗೆ ಮೇಲಿನಿಂದ ಆ ಲೋಟಕ್ಕೆ ಸುರಿಯಬೇಕು. ಕುಡಿದು, ತಾವೇ ಬೂದಿ ಹಚ್ಚಿ ತಿಕ್ಕಿ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ಟಣ್ ಅಂದರೆ ಮಾಸ್ತರರು ಹೋದರು ಅಂತ ಒಳಗಿದ್ದವರಿಗೆ ತಿಳಿಯುತ್ತಿತ್ತು. ಆ ಸಪ್ಪಳಕ್ಕೆ ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಸಿಂಧೂ ಅತ್ಯಾನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಅದನ್ನು ನೋಡಿದ್ದೆ. ನೋಡಿದ್ದು ಏನಂತ ತಿಳಿಯಲು ಒಂದು ಬೇಸಿಗೆ ರಜೆ ಬೇಕಾಯಿತು.

ಆ ಮನೆಯಲ್ಲಿ ಪ್ರತಿ ಹೊಸ್ತಿಲಿಗೂ ಒಂದು ರೂಲ್ ಇತ್ತು. ಕಟ್ಟೆಯವರೆಗೆ ಮಾಸ್ತರರು. ಪಡಸಾಲೆಯ ಜಮಖಾನದವರೆಗೆ ಅಪ್ಪನ ಕಡೆ ಕೇಸು ಹಿಡಿದುಕೊಂಡು ಬರುವ ದೊಡ್ಡ ರೈತರು, ಗೌಡರು. ನಡುಮನೆ ನಮ್ಮದು, ಹೆಂಗಸರು ಮಕ್ಕಳದು. ಅಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ಒಂದು ಪಟ್ಟಿ ಬಿಸಿಲು ಇಳಿದು, ಹೊತ್ತು ಹೋದಂತೆ ಹಾಸುಗಲ್ಲಿನ ಮೇಲೆ ಸರಿಯುತ್ತಿತ್ತು. ಅದರ ಆಚೆ ಅಡಿಗೆಮನೆ. ಮಡಿಯುಟ್ಟ ಅಜ್ಜಿ ಮತ್ತು ಅವ್ವ ಬಿಟ್ಟು ಬೇರೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಅಪ್ಪನ ತಂಗಿ ಸಿಂಧೂ ಅತ್ಯಾಗೂ ಪ್ರವೇಶವಿರಲಿಲ್ಲ. ಇನ್ನೂ ಲಂಗದ ವಯಸ್ಸಿನಲ್ಲೇ ಅವಳನ್ನು ಮುದ್ದೇಬಿಹಾಳದ ಮನೆಯೊಂದಕ್ಕೆ ಕೊಟ್ಟಿದ್ದರಂತೆ. ವರ್ಷ ತುಂಬುವುದರೊಳಗೆ ಹಣೆ ಬರಿದಾಗಿ ತಿರುಗಿ ಬಂದಳು. ಅಜ್ಜಿಯಂತೆ ಅವಳ ತಲೆಯನ್ನೂ ತೆಗೆಸಬೇಕು, ಬೋಳಿಸಬೇಕು ಎಂದು ಹಿರಿಯರು ಪಟ್ಟು ಹಿಡಿದಾಗ, ಕೂಡದು ಅಂತ ಅಡ್ಡ ನಿಂತವರು ನಮ್ಮಪ್ಪ. ಅದು ಅವರ ಜೀವನದ ದೊಡ್ಡ ರಿಫಾರ್ಮ್, ಲೈಬ್ರರಿಯ ಭಾಷಣಗಳಲ್ಲಿ ಆಗಾಗ ಬರುತ್ತಿತ್ತು. ಆದರೆ ಕೂದಲಿದ್ದ ವಿಧವೆ ದೇವರ ಅಡಿಗೆ ಮುಟ್ಟುವ ಹಾಗಿಲ್ಲ ಅಂತ ಅಜ್ಜಿಯ ಕಾನೂನು. ಹೀಗಾಗಿ ಅತ್ಯಾನ ಜಡೆ ಉಳಿಯಿತು, ಅಡಿಗೆಮನೆ ಹೋಯಿತು. ಬತ್ತಿ, ಕಸ, ಕಾಳು ಹಸನ ಮಾಡುವುದು, ಒಪ್ಪತ್ತಿನ ಊಟ, ಯಾರಾದರೂ ಶುಭಕಾರ್ಯಕ್ಕೆ ಹೊರಟರೆ ಮರೆಗೆ ಸರಿಯುವುದು, ಇವಿಷ್ಟು ಅವಳ ಪಾಲಿಗೆ ಬಂದವು. ಬಾಯಿ ಮಾತ್ರ ಅವಳದು ಅವಳ ಹತ್ತಿರವೇ ಇತ್ತು.

ನಾನು ಆಗ ಬಿಜಾಪುರದ ಕಾನ್ವೆಂಟಿನಲ್ಲಿ ಬೋರ್ಡರ್. ಅಪ್ಪನ ಹಟ ಅದು, "ನಮ್ಮ ಸುಧಾ ಇಂಗ್ಲಿಷ್ ಹುಡುಗೀರ ಹಂಗ ಮಾತಾಡಬೇಕು." ರಜೆಗೆ ಮನೆಗೆ ಬಂದರೆ ನೇರವಾಗಿ ಒಳಗೆ ಹೋಗುವಂತಿಲ್ಲ. ಟ್ರಂಕು ಪಡಸಾಲೆಯಲ್ಲಿ ಉಳಿಯಬೇಕು, ನಾನು ಸುತ್ತು ಹಾಕಿ ಹಿತ್ತಲ ಬಚ್ಚಲಿಗೆ ಹೋಗಿ, ಫ್ರಾಕು ಕಳಚಿಟ್ಟು, ತಲೆಗೆ ನೀರು ಹಾಕಿಕೊಂಡು, ಅಜ್ಜಿ ಕೋಲಿನಿಂದ ಎಸೆದ ಒಣ ಪರಕಾರ ಉಟ್ಟು ನಡುಮನೆ ಸೇರಬೇಕು. "ಕ್ರಿಸ್ತಾನರ ಅನ್ನ ಉಂಡು ಬಂದದ ಇದು," ಅಂತ ಅಜ್ಜಿ ಬೆಳಕಿಂಡಿಗೆ ಹೇಳುವಳು. ಆನೆಸ್ಟ್ಲಿ, ನನಗೆ ಅದರಿಂದ ಬೇಜಾರಾದ ನೆನಪಿಲ್ಲ. ಎಲ್ಲರ ಮನೆಯೂ ಹೀಗೇ ಅಂತ ತಿಳಿದಿದ್ದೆ.

ಆ ವರ್ಷ ನಮ್ಮ ಸಿಸ್ಟರ್ ಆಗ್ನೆಸ್ ಲಿಟರೇಚರ್ ಪೀರಿಯಡ್‌ನಲ್ಲಿ ಹಳೆಯ ಇಂಗ್ಲಿಷ್ ಟ್ರ್ಯಾಜೆಡಿಗಳ ಕಥೆಗಳನ್ನು ಬಾಯಿಂದಲೇ ಹೇಳಿದ್ದರು. ನೂರಾರು ವರ್ಷದ ಹಿಂದೆ ಲಂಡನ್ನಿನಲ್ಲಿ ಆಡುತ್ತಿದ್ದ ನಾಟಕಗಳಂತೆ. ಅವುಗಳಲ್ಲಿ ಒಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ದೊಡ್ಡ ಮನೆತನದ ಒಬ್ಬ ತರುಣ ವಿಧವೆ. ಇಬ್ಬರು ಅಣ್ಣಂದಿರು, ಅವರಲ್ಲಿ ಒಬ್ಬ ದೊಡ್ಡ ಧರ್ಮಗುರು. ಮತ್ತೆ ಮದುವೆಯಾದರೆ ಜೋಕೆ ಅಂತ ಇಬ್ಬರೂ ಹೆದರಿಸಿ ಹೋಗುತ್ತಾರೆ. ಅವಳು ತನ್ನ ಮನೆಯ ಕಾರಭಾರ ನೋಡುವ ಸಾಮಾನ್ಯ ಮನುಷ್ಯನನ್ನು ತಾನಾಗಿಯೇ ಕೇಳಿ, ಗುಟ್ಟಾಗಿ ಮದುವೆಯಾಗುತ್ತಾಳೆ. ಮಕ್ಕಳಾಗುತ್ತವೆ. ಗುಟ್ಟು ಒಡೆಯುತ್ತದೆ. ಅಣ್ಣಂದಿರು ಅವಳನ್ನು ಕೊಲ್ಲಿಸುತ್ತಾರೆ. ಇದನ್ನು ನಾನು ನಮ್ಮ ನಡುಮನೆಯಲ್ಲಿ, ಶಾವಿಗೆ ಹೊಸೆಯುವ ಮಣೆಯ ಸುತ್ತ ಕೂತವರಿಗೆ ದಿನಕ್ಕಿಷ್ಟು ಹೇಳತೊಡಗಿದೆ. ನಾಟಕದ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. "ದೊರಸಾನಿ ಕತಿ" ಅಂತ ಅಜ್ಜಿಯೇ ನಾಮಕರಣ ಮಾಡಿದಳು, ಪ್ರಶ್ನೆಗಳನ್ನೂ ಅವಳೇ ಕೇಳಿದಳು.

"ಆ ದೊರಸಾನಿ ತಲಿ ತಗಿಸ್ಯಾಳೋ ಇಲ್ಲೋ?"

"ಅವರಾಗ ತಗಸೂದಿಲ್ಲ ಅಜ್ಜಿ."

"ಕುಂಕುಮಾ?"

"ಅವರಾಗ ಯಾರೂ ಇಡೂದಿಲ್ಲ."

"ಹಂಗಾರ ಮುತ್ತೈದಿ ಯಾರು, ಗಂಡ ಸತ್ತಾಕಿ ಯಾರು, ಎದುರಿಗೆ ಬಂದ್ರ ಹ್ಯಾಂಗ ಗೊತ್ತಾಗಬೇಕು? ಇದೆಂಥಾ ಊರ ಅದ! ಇರ್ಲಿ. ಆ ಕಾರಭಾರಿ ಯಾವ ಜಾತಿಯಾಂವ?"

"ಅವರಾಗ ಜಾತಿ ಇಲ್ಲ. ಮನೆತನಾ ಸಣ್ಣದು, ಅಷ್ಟೇ."

"ಮತ್ತ ಅದೇ ಆತಲ್ಲ. ಇಂಗ್ಲೀಷಿನ್ಯಾಗ ಹೇಳಿದ್ರ ಜಾತಿ ಬಿಟ್ಟು ಹೋಗ್ತದೇನು?"

ಅವ್ವ ತಲೆ ಬಗ್ಗಿಸಿ ನಕ್ಕಳು. ಅವ್ವ ಬಾಯಿ ಬಿಟ್ಟು ಮಾತಾಡಿದ್ದು ಕಡಿಮೆ. ನಗುವಾಗಲೂ ಹಿಟ್ಟಿನ ಕಡೆಗೇ ನೋಡುತ್ತಿದ್ದಳು. ಅತ್ಯಾ ಮಾತ್ರ ನಗಲಿಲ್ಲ. ಶಾವಿಗೆಯ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಅಣ್ಣಗೋಳು ಏನಂದ್ರು, ಸುಧಿ?"

"ಮತ್ತ ಲಗ್ನಾ ಆದ್ರ ನಮ್ಮ ರಕ್ತಕ್ಕ ಕಳಂಕ ಅಂದ್ರು."

"ಅವರ ಹೆಂಡರು ಸತ್ತಿದ್ರ ಅವರು ಮತ್ತ ಆಗ್ತಿದ್ರೇನು?"

ಸಿಸ್ಟರ್ ಇದನ್ನು ಹೇಳಿರಲಿಲ್ಲ. ಅಜ್ಜಿ "ಗಂಡಸರ ಮಾತು ಬ್ಯಾರೆ" ಅಂದಳು. ಆದರೆ ಆ ಮಾತಿನಲ್ಲಿ ಎಂದಿನ ಖಾರ ಇರಲಿಲ್ಲ.

ಕತೆ ಪಡಸಾಲೆಯವರೆಗೂ ಹೋಯಿತು. ಅಪ್ಪನಿಗೆ ಖುಷಿಯೋ ಖುಷಿ. ಧಾರವಾಡದಲ್ಲಿ ಬಿ.ಎ. ಓದುವಾಗ ಅವರೂ ಆ ನಾಟಕ ಓದಿದ್ದರಂತೆ. ಒಂದು ಸಂಜೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಒಳಗೆ ನಮ್ಮ ಕಾಕಾನಿಗೂ ಹೊರಗೆ ಕಟ್ಟೆಯ ಮೇಲಿದ್ದ ಮಾಳಪ್ಪ ಮಾಸ್ತರರಿಗೂ ಕೇಳುವಂತೆ ಲೆಕ್ಚರ್ ಕೊಟ್ಟರು. ಕಾಕಾ ಅಪ್ಪನ ತಮ್ಮ. ಹೊಲದ ಉಸ್ತುವಾರಿ, ಸಿಟ್ಟಿನ ಮನುಷ್ಯ.

"ಆ ಅಣ್ಣತಮ್ಮಂದಿರದ್ದು ಏನು? ಪ್ಯೂರ್ ಪ್ರಿಜುಡಿಸ್! ಒಂದು, ವಿಧವಾ ಅಂದ್ರ ಆಕೀಗೆ ಮನಸ್ಸ ಇರಬಾರದು. ಎರಡು, ಗುಣಾ ಇದ್ರೂ ಕುಲಾ ಇಲ್ಲದಾಂವ ಮನುಷ್ಯಾನೇ ಅಲ್ಲ. ಬಾರ್ಬೇರಿಯನ್ಸ್. ನಾವು ನೋಡ್ರಿ, ಎಷ್ಟು ಮುಂದ ಬಂದೀವಿ."

ಕಟ್ಟೆಯಿಂದ ಮಾಸ್ತರರು ಮೆಲ್ಲಗೆ ಕೇಳಿದರು, "ಹೌದ್ರಿ ಸಾಹೇಬ್ರ. ಆ ಕಾರಭಾರಿ ಆಕಿ ಸತ್ತ ಸುದ್ದಿ ಕೇಳಿ ಏನ ಮಾಡಿದ್ನಿರಿ?"

"ಅಂವಾ ಏನ ಮಾಡ್ತಾನ? ಅಂವಗ ಗೊತ್ತಾಗೂದೇ ತಡಾ ಆತು. ಅಂವನೂ ಸತ್ತಾ."

"ಹಂಗಿದ್ರ ನಾಟಕ ಮಾಡಿದಾಂವ ಅವಂಗ ಭಾಳ ಕೆಲಸಾ ಕೊಟ್ಟಿಲ್ಲ ಬಿಡ್ರಿ," ಅಂದರು ಮಾಸ್ತರರು. ಅಪ್ಪ ಜೋರಾಗಿ ನಕ್ಕರು.

ಮಾಸ್ತರರಿಗೂ ಅತ್ಯಾಗೂ ನಡುವೆ ಅಲ್ಲಿಯವರೆಗೆ ಓಡಾಡುತ್ತಿದ್ದದ್ದು ಪುಸ್ತಕಗಳು ಮಾತ್ರ, ಹೊತ್ತು ತರುತ್ತಿದ್ದವಳು ನಾನು. ಸಾಲಿಯ ಕಪಾಟಿನಿಂದ ಅವರು ತಂದುಕೊಟ್ಟ ಭೂಗೋಳ, ಗಣಿತ ಓದಿ ಅತ್ಯಾ ಮನೆಯಲ್ಲಿ ಕೂತೇ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಅದು ಪಾಸಾದರೆ ಸಣ್ಣ ಮಕ್ಕಳ ಸಾಲಿಯಲ್ಲಿ ನೌಕರಿ ಸಿಗುತ್ತಿದ್ದ ಕಾಲ. ಅಪ್ಪ ಅದಕ್ಕೂ ಹೆಮ್ಮೆಪಟ್ಟಿದ್ದರು, ಆದರೆ ನೌಕರಿಯ ಮಾತು ಬಂದಾಗ "ನಮ್ಮ ಮನಿ ಹೆಣ್ಣಮಗಳು ಯಾಕ ದುಡೀಬೇಕು" ಅಂದಿದ್ದರು.

ಕತೆ ಮುಗಿದ ಮೇಲೂ ಅತ್ಯಾ ನನ್ನನ್ನು ಬಿಡಲಿಲ್ಲ. ಮಾಳಿಗೆ ಮೇಲೆ ಶಾವಿಗೆ ಒಣಹಾಕಿ, ಕಾಗೆ ಕಾಯುತ್ತ ನಾವಿಬ್ಬರೂ ಕೂತಿದ್ದಾಗ ಮತ್ತೆ ಮತ್ತೆ ಅದನ್ನೇ ತೆಗೆದಳು. ಗುಟ್ಟು ಯಾರಿಂದ ಒಡೆಯಿತು? ಮನೆಯೊಳಗೆ ಇಟ್ಟಿದ್ದ ಗೂಢಚಾರನಿಂದ, ಅಂದೆ. ಊರವರಿಗೆ ಅವಳು ಮದುವೆಯಾದದ್ದು ಗೊತ್ತಿತ್ತೇ? ಇಲ್ಲ, ಊರವರು ಏನೇನೋ ಹೊಲಸು ಮಾತಾಡುತ್ತಿದ್ದರು. ಅವಳನ್ನು ಕೂಡಿಹಾಕಿದಾಗ ಎಲ್ಲಿದ್ದಾಳೆ ಅಂತ ಯಾರೂ ಕೇಳಲಿಲ್ಲವೇ? ಯಾರೂ ಕೇಳಲಿಲ್ಲ. ಅತ್ಯಾ ಕಾಗೆಗೆ ಒಂದು ಹರಳು ಎಸೆದಳು.

"ಆಕಿ ಲಗ್ನಾ ಆದದ್ದಕ್ಕ ಸಾಯಲಿಲ್ಲ ಸುಧಿ. ಮುಚ್ಚಿಟ್ಟದ್ದಕ್ಕ ಸತ್ಲು. ನಾಕು ಮಂದಿಗೆ ಹೇಳಿ ಆಗಿದ್ರ, ನಾಕು ಮಂದಿ ಎಲ್ಲಿ ಹೋದ್ಲು ಅಂತ ಕೇಳ್ತಿದ್ರು."

ಸಿಸ್ಟರ್ ನಮಗೆ ಕಲಿಸಿದ್ದು ಬೇರೆ. ಅತಿಯಾದ ಪ್ರೀತಿ, ವಿಧಿ, ಟ್ರ್ಯಾಜಿಕ್ ಫ್ಲಾ. ನಾನು ಅದನ್ನು ಹೇಳಿ ತಿದ್ದಲು ನೋಡಿದೆ. ಅತ್ಯಾ ಕೇಳಿಸಿಕೊಳ್ಳಲಿಲ್ಲ. ಅವಳು ಆಗಲೇ ಬೇರೇನೋ ಯೋಚನೆ ಮಾಡುತ್ತಿದ್ದಳು.

ಮರುದಿನವೋ ಅದರಾಚೆಯೋ ಏಕಾದಶಿ ಬಂತು. ನಮ್ಮ ಮನೆಯಲ್ಲಿ ಏಕಾದಶಿ ಅಂದರೆ ಹನಿ ನೀರೂ ಇಲ್ಲದ ಉಪವಾಸ. ಮಾರನೆಯ ದಿನ ದ್ವಾದಶಿ, ಬೆಳಗು ಹರಿಯುತ್ತಲೇ ಪಾರಣೆಯ ಊಟ. ಊಟದ ಕೋಣೆಯಲ್ಲಿ ಮುತ್ತುಗದ ಪತ್ರಾವಳಿ ಹಾಕಿ, ಅಗಸೆ ಸೊಪ್ಪಿನ ಪಲ್ಯ, ತವ್ವೆ, ಹುಣಸೆ ಹಾಕದ ಸಾರು. ಪಂಕ್ತಿಯಲ್ಲಿ ಅಪ್ಪ, ಕಾಕಾ, ನಡುವೆ ಪುರೋಹಿತರಾದ ಆಚಾರ್ಯರು. ಪಂಕ್ತಿಯ ರೂಲ್ ಗೊತ್ತಿಲ್ಲದವರಿಗೆ ಹೇಳಬೇಕು. ಅಂಗೈಯಲ್ಲಿ ನೀರು ಹಿಡಿದು ಮಂತ್ರ ಹೇಳಿ ಕುಡಿಯುವುದು ಆಪೋಶನ. ಅದಾದ ಮೇಲೆ, ಊಟ ಮುಗಿಸಿ ಕೊನೆಯ ನೀರು ಕುಡಿಯುವ ತನಕ ಯಾರೂ ಏಳಬಾರದು. ಒಬ್ಬ ಎದ್ದರೆ ಎಲ್ಲರ ಊಟವೂ ಕೆಟ್ಟಂತೆ. ಎಲೆಯಲ್ಲಿ ಒಂದು ಅಗಳೂ ಬಿಡಬಾರದು. ಮೇಲಾಗಿ ಅಪ್ಪ ಮತ್ತು ಕಾಕಾ ಪಾರಣೆಯ ಊಟವನ್ನು ಮೌನದಲ್ಲಿ ಮಾಡುತ್ತಿದ್ದರು. ತಾತನ ಕಾಲದಿಂದ ನಡೆದು ಬಂದ ವ್ರತ ಅದು.

ಮೂವರೂ ಆಪೋಶನ ತೆಗೆದುಕೊಂಡು ಮೊದಲ ತುತ್ತು ಎತ್ತಿದರು. ಅತ್ಯಾ ನಡುಮನೆಯ ಹೊಸ್ತಿಲಿಗೆ ಬಂದು ನಿಂತಳು. ಹೊಸ್ತಿಲು ದಾಟಲಿಲ್ಲ.

"ಅಣ್ಣಾ, ದಾದಾ, ಆಚಾರ್ಯರ, ಕೇಳ್ರಿ. ಈಗ ನೀವು ಏಳಲಿಕ್ಕೂ ಬರೂದಿಲ್ಲ, ಬಾಯಿ ಬಿಡಲಿಕ್ಕೂ ಬರೂದಿಲ್ಲ. ಅದಕ್ಕs ಈಗ ಹೇಳ್ತೀನಿ. ಬ್ಯಾರೆ ಹೊತ್ತಿನ್ಯಾಗ ನನ್ನ ಮಾತು ಅರ್ಧಕ್ಕ ಮುರೀತೀರಿ."

ಅಪ್ಪ ತಲೆ ಎತ್ತಿದರು.

"ನಾ ಲಗ್ನಾ ಆಗ್ತೀನಿ. ಮಾಳಪ್ಪ ಮಾಸ್ತರನ್ನ. ಅವರು ನನ್ನ ಕೇಳಲಿಲ್ಲ, ನಾನs ಕೇಳಿದೆ. ನಿನ್ನಿ ಮಧ್ಯಾಹ್ನ, ನೀರು ಹಾಕೂ ಮುಂದ. ಮೊದಲ ಒಲ್ಲೆ ಅಂದ್ರು. ವಕೀಲ ಸಾಹೇಬ್ರು ನನಗ ಮರ್ಯಾದಿ ಕೊಟ್ಟು ಕಟ್ಟಿ ಮ್ಯಾಲೆ ಕುಂಡ್ರಸ್ತಾರ ಅಂದ್ರು. ನಾ ಅಂದೆ, ಹೌದು, ಕಟ್ಟಿ ಮ್ಯಾಲೆ."

"ಹ್ಞೂಂ! ಹ್ಞೂಂ!" ಅಂತ ಅಪ್ಪನ ಮೂಗಿನಿಂದ ಹೂಂಕಾರ ಬಂತು. ಮೌನದಲ್ಲಿ ಉಪ್ಪು ಬೇಕಾದರೂ ಹೂಂಕಾರ, ಸಾಕಾದರೂ ಹೂಂಕಾರ. ಬಡಿಸುತ್ತಿದ್ದ ಅವ್ವ ಬಂದು ಎಲೆಯ ತುದಿಗೆ ಚಿಟಿಕೆ ಉಪ್ಪು ಹಾಕಿದಳು. ಕಾಕಾ ಒಂದು ಮೊಣಕಾಲು ಎತ್ತಿದ. ಆಚಾರ್ಯರು ಎಡಗೈ ಚಾಚಿ, ಅಗಸೆ ಪಲ್ಯದ ಬಾಯಲ್ಲೇ "ಪಂಕ್ತಿ, ಪಂಕ್ತಿ" ಅಂದರು. ಕಾಕಾ ಕೂತ. ಅತ್ಯಾ ನಿಧಾನವಾಗಿ, ಪಾಠ ಒಪ್ಪಿಸಿದ ಹಾಗೆ, ಒಂದೊಂದೇ ಹೇಳಿದಳು. ರಿಜಿಸ್ಟರ್ ಲಗ್ನ. ನೌಕರಿಗೆ ಅರ್ಜಿ ಹಾಕಿದ್ದು. ಇಬ್ಬರೂ ಬೇರೆ ತಾಲ್ಲೂಕಿಗೆ ವರ್ಗ ಕೇಳಿಕೊಳ್ಳುವುದು. ಅಪ್ಪ ಗಬಗಬ ಉಣ್ಣತೊಡಗಿದರು, ಬೇಗ ಮುಗಿಸಿ ಬಾಯಿ ಬಿಡಬೇಕೆಂದು. ಎಲೆ ಖಾಲಿಯಾಗುವ ಹೊತ್ತಿಗೆ ಅವ್ವ ಬಂದು ಅನ್ನ ಬಡಿಸಿದಳು. ಅಪ್ಪ ಮತ್ತೆ ಉಂಡರು. ಅವ್ವ ಮತ್ತೆ ಬಡಿಸಿದಳು. ಸಾಕು ಅಂತ ಅಪ್ಪ ಎಲೆಗೆ ಕೈ ಅಡ್ಡ ಹಿಡಿದರೆ, ಆ ಕೈಯ ಪಕ್ಕದಲ್ಲಿ ಜಾಗ ನೋಡಿ ಒಂದು ಸೌಟು ಹಾಕಿದಳು, ಮೇಲೆ ತವ್ವೆ ಸುರಿದಳು. ಮುಖದಲ್ಲಿ ಏನೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಎದುರು ಮಾತಾಡದ ನಮ್ಮ ಅವ್ವ ಆವತ್ತು ಸೌಟಿನಿಂದ ಮಾತಾಡಿದಳು. ಅತ್ಯಾ ಹೇಳಬೇಕಾದದ್ದು ಪೂರ್ತಿ ಮುಗಿಯುವ ತನಕ ಅಪ್ಪನ ಎಲೆಯಲ್ಲಿ ಅನ್ನ ಮುಗಿಯಲಿಲ್ಲ.

ಕೊನೆಗೆ ಅಪ್ಪ ಕೊನೆಯ ನೀರು ಕುಡಿದರು. ಸಿಟ್ಟಿಗೋ, ಹೊಟ್ಟೆಯ ಭಾರಕ್ಕೋ, ಉಸಿರು ಕಟ್ಟಿತ್ತು.

"ಮುಗೀತೇನು ನಿಂದು?"

"ಮುಗೀತು."

"ರಿಜಿಸ್ಟರ್ ಲಗ್ನಾ ಅಂದ್ರ ನೋಟೀಸ್ ಹಚ್ಚತಾರ, ಗೊತ್ತದ ಏನು? ಆಫೀಸಿನ ಬೋರ್ಡಿನ ಮ್ಯಾಲೆ ನಿನ್ನ ಹೆಸರು, ಅವನ ಹೆಸರು. ಬಂದಾವರು ಹೋದಾವರು ಓದತಾರ."

"ಓದಲಿ ಅಣ್ಣಾ. ಅದಕ್ಕs ನನಗ ಅದು ಬೇಕು. ನೀನೇ ಅಂದೀಯಲ್ಲ ಮೊನ್ನೆ, ಆ ಅಣ್ಣಗೋಳದು ಪ್ರಿಜುಡಿಸ್ ಅಂತ."

ಅಪ್ಪ ಎಂಜಲು ಕೈ ಒಣಗುತ್ತಿದ್ದರೂ ತೊಳೆಯದೆ ನಿಂತರು.

"ಅದು ಲಿಟರೇಚರ್, ಸಿಂಧೂ. ಇದು ಮನಿ."

ನಾನು ಮುಂದೆ ಸಿಂದಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿ, ಕೂದಲು ಬೆಳ್ಳಗಾಗುವವರೆಗೆ ಪಾಠ ಮಾಡಿದೆ. ಅದೇ ನಾಟಕವನ್ನೂ ಎಷ್ಟೋ ಸಲ ಕಲಿಸಿದೆ. ಆ ಅಣ್ಣಂದಿರನ್ನು ಹುಡುಗರು ವಿಲನ್ ಅಂದುಬಿಡುತ್ತಾರೆ, ಮೀಸೆ ತಿರುವುವ ಕಂಪನಿ ನಾಟಕದ ವಿಲನ್. ನಾನು ಒಪ್ಪುತ್ತಿರಲಿಲ್ಲ. ಅವರಲ್ಲಿ ಒಬ್ಬ ಪಾಂಡಿತ್ಯದವನು, ಇನ್ನೊಬ್ಬ ತಂಗಿಯನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದವನು. ಅವರು ಉಸಿರಾಡುತ್ತಿದ್ದ ಗಾಳಿಯಲ್ಲೇ ಅದು ಇತ್ತು: ವಿಧವೆಯ ಆಸೆ ಅಂದರೆ ಹೊಲಸು, ಕೆಳಗಿನವನ ಗುಣ ಅಂದರೆ ನಾಟಕ, ಮನೆತನದ ಹೆಸರು ಹೆಂಗಸಿನ ಮೈಯಲ್ಲಿರುತ್ತದೆ. ನಮ್ಮಪ್ಪ ಒಳ್ಳೆಯವರು. ತಂಗಿಯ ಜಡೆಗಾಗಿ ಊರನ್ನೇ ಎದುರು ಹಾಕಿಕೊಂಡವರು. ಅದೇ ಗಾಳಿ ಅವರ ಎದೆಯೊಳಗೂ ಇತ್ತು. ಅಜ್ಜಿಯ ಎದೆಯಲ್ಲಿದ್ದದ್ದು ಇನ್ನೂ ಬೇರೆ. ಆವತ್ತು ಅವಳು ಅಡಿಗೆಮನೆಯ ಮೂಲೆಯಲ್ಲಿ ಕೂತು, ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಳ್ಳುತ್ತ ಅಂದದ್ದನ್ನು ನಾನು ಮರೆತಿಲ್ಲ.

"ನನ್ನ ಯಾರರೆ ಕೇಳಿದ್ರೇನು? ನಾಪಿತನ್ನ ಕರಸಿ ಹಿತ್ತಲದಾಗ ಕುಂಡ್ರಿಸಿದ್ರು, ನಾ ಕುಂತೆ. ಈಕೀಗೆ ಮಾತ್ರ ಎಲ್ಲಾ ಯಾಕ ಬೇಕು?"

ಕಾಕಾ ಮಾಸ್ತರರ ಕಾಲು ಮುರಿಯುತ್ತೇನೆ ಅಂದ. ಅತ್ಯಾನನ್ನು ಪಂಢರಪುರಕ್ಕೆ ಕರೆದೊಯ್ದು ಯಾವುದಾದರೂ ಮಠದಲ್ಲಿ ಬಿಟ್ಟು ಬರೋಣ ಅಂದ. ಆದರೆ ತಡವಾಗಿತ್ತು. ಪಂಕ್ತಿಯಲ್ಲಿ ಮೌನವ್ರತ ಇರದ ಒಬ್ಬರಿದ್ದರಲ್ಲ, ಆಚಾರ್ಯರು. ಅವರು ಕೈ ತೊಳೆದು ಹೊರಬಿದ್ದದ್ದೇ, ಬಾಜಾರದ ತುದಿ ಮುಟ್ಟುವುದರೊಳಗೆ ಊರಿಗೆ ಊರೇ ತಿಳಿದುಕೊಂಡಿತು. ಅತ್ಯಾ ದ್ವಾದಶಿಯನ್ನು ಯಾಕೆ ಆರಿಸಿದ್ದಳು ಅಂತ ನನಗೆ ಆಗ ಹೊಳೆಯಿತು. ಈಗ ಅವಳನ್ನು ಎಲ್ಲಿಗಾದರೂ ಸಾಗಿಸಿದರೆ, ನೀರು ತರಲು ಹೋದಲ್ಲಿ, ಕೋರ್ಟಿನ ಅಂಗಳದಲ್ಲಿ, "ಸಿಂಧೂಬಾಯಿ ಎಲ್ಲಿ ಕಾಣವಲ್ರಲ್ರಿ?" ಅಂತ ಕೇಳುವವರಿದ್ದರು. ಅವಳ ಹತ್ತಿರ ಬೇರೆ ಕಾವಲು ಇರಲಿಲ್ಲ. ಇದ್ದ ಕಾವಲನ್ನು ಸರಿಯಾಗಿ ಬಳಸಿದಳು.

ನೋಟೀಸು ಬೋರ್ಡಿನ ಮೇಲೆ ಇದ್ದ ದಿನಗಳಲ್ಲಿ ಮನೆಯಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಮಾಸ್ತರರ ತಾಯಿ ಬಂದಳು. ಕಂಬಳಿ ಹೊದ್ದ ಎತ್ತರದ ಮುದುಕಿ, ಕಟ್ಟೆಯ ಕೆಳಗೇ ನಿಂತಳು. ಅಜ್ಜಿ ಹೊಸ್ತಿಲ ಒಳಗೆ. ನಾನು ಬಾಗಿಲ ಸಂದಿಯಲ್ಲಿ.

"ನಿಮ್ಮ ಹುಡುಗಿ ನನ್ನ ಮಗನ ತಲಿ ಕೆಡಿಸ್ಯಾಳ್ರಿ ಅವ್ವಾರ."

"ನಿನ್ನ ಮಗಾನೇ ನಮ್ಮ ಹುಡುಗೀನ್ನ ಕೆಡಿಸ್ಯಾನ. ಇದು ನಡೀಬಾರದು."

"ನಡೀಬಾರದ್ರಿ! ಪಂಚಾಂಗದವರ ಮನಿ ಹೆಣ್ಣು ನಮ್ಮ ದೇವರಿಗೆ ನಡಿಯೂದಿಲ್ಲ. ಕುರಿ ಕಂಡ್ರ ಮೂಗ ಮುಚ್ಚತೈತಿ ಅದು."

"ಮುಚ್ಚಬೇಕs, ಮತ್ತ!"

ಜೀವಮಾನದಲ್ಲಿ ಅಜ್ಜಿ ಯಾರೊಂದಿಗೂ ಇಷ್ಟು ಪೂರ್ತಿ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಇಬ್ಬರೂ ತಲೆಯಾಡಿಸಿ ತಮ್ಮ ತಮ್ಮ ಕರ್ಮ ಹಳಿದುಕೊಂಡರು. ಕೊನೆಗೆ ಆ ಮುದುಕಿ ದನಿ ಇಳಿಸಿದಳು. "ಕೇಳದಿದ್ರ ನಮ್ಮಾಗ ಉಡಿಕಿ ಅಂತ ಐತ್ರಿ. ಗಂಡ ಸತ್ತಾಕೀಗೆ ರಾತ್ರಿ ಹೊತ್ತು, ದೀಪಾ ಸಣ್ಣ ಮಾಡಿ, ನಾಕು ಮಂದಿ ಕುಂತು ಸೀರಿ ಉಡಸ್ತೇವ್ರಿ, ಮೊದಲಿಂದ ಬಂದದ್ದು. ಯಾರ ಕಣ್ಣಿಗೂ ಬೀಳೂದಿಲ್ಲ. ಹಂಗ ಮುಗಸೂನೇನ್ರಿ?"

ಅಜ್ಜಿ ಬಾಯಿ ತೆರೆಯುವುದರೊಳಗೆ ನಡುಮನೆಯಿಂದ ಅತ್ಯಾನ ದನಿ ಬಂತು.

"ರಾತ್ರಿ ಆಗೂದಿಲ್ಲ."

ನೋಟೀಸಿನ ಅವಧಿ ಮುಗಿದು ಅತ್ಯಾ ಲಗ್ನಕ್ಕೆ ಹೊರಡುವ ದಿನ ಕಾಕಾ ತಲಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತ. ಹೋಗುವವಳು ಹಿತ್ತಲ ಕಡೆಯಿಂದ, ಎಮ್ಮೆ ಹೋಗುವ ದಾರಿಯಿಂದ ಹೋಗಲಿ ಅಂದ. ಅತ್ಯಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯ ಜಮಖಾನದ ಮೇಲೆ ಕೂತಳು. ಬಿಸಿಲು ಏರಿತು. ಇಬ್ಬರೂ ಕದಲಲಿಲ್ಲ. ಆಮೇಲೆ ಬಾಗಿಲು ಬಡಿದ ಸಪ್ಪಳ. "ವಕೀಲ ಸಾಹೇಬ್ರು ಅದಾರೇನ್ರಿ? ಇವತ್ತ ತಾರೀಖ ಐತ್ರಿ ನಮ್ದು!" ಅಪ್ಪನ ಕಕ್ಷಿದಾರರು, ಬಂಡಿ ಕಟ್ಟಿಕೊಂಡು ದೂರದಿಂದ ಬಂದವರು. ಅವರಿಗೆ ತೆಗೆಯದೆ ವಿಧಿಯಿರಲಿಲ್ಲ. ಕಾಕಾ ಅಗಳಿ ಎತ್ತಿದ. ಪಟಗ ಸುತ್ತಿದ ರೈತರು ಒಳಗೆ ಬರುವಷ್ಟರಲ್ಲಿ ಅತ್ಯಾ ಎದ್ದು, "ಜರಾ ದಾರಿ ಬಿಡ್ರಿ," ಅಂತ ಅವರ ನಡುವೆಯೇ ಹೊರಗೆ ಹೋದಳು. ಯಾರದೋ ಶಕುನಕ್ಕೆ ಅಡ್ಡವಾದೆನೆಂದು ಸರಿದು ನಿಲ್ಲಲಿಲ್ಲ. ಬಾಜಾರದ ನಡುದಾರಿ ಹಿಡಿದು, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅಪ್ಪ ಫೈಲು ಬಿಚ್ಚಿದರು. ಬಿಚ್ಚಿದ ಪುಟವನ್ನು ಬಹಳ ಹೊತ್ತು ತಿರುವಲಿಲ್ಲ.

ಸಂಜೆ ಅಜ್ಜಿಯ ಅಪ್ಪಣೆಯಂತೆ ಎಲ್ಲರೂ ತಲೆಗೆ ನೀರು ಹಾಕಿಕೊಂಡರು, ಸತ್ತವರಿಗೆ ಹಾಕಿಕೊಳ್ಳುವ ಹಾಗೆ. ಅವ್ವನೂ ಹಾಕಿಕೊಂಡಳು. ನಾನು ಒಲ್ಲೆ ಅಂದೆ. ಸ್ನಾನವಿಲ್ಲದಿದ್ದರೆ ಒಳಗೆ ಬರಬೇಡ ಅಂದರು. ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ಅಲ್ಲಿಂದ ನಮ್ಮ ಮನೆ ಹೇಗೆ ಕಾಣುತ್ತದೆ ಅಂತ ಅವತ್ತೇ ಮೊದಲ ಸಲ ನೋಡಿದೆ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಾಗಿಲಿಗೆ ಬಂದರು.

"ಯಾಕ ಹಟಾ ಮಾಡ್ತಿ? ಒಂದ ತಂಬಿಗಿ ನೀರು."

"ಅದು ಸತ್ತವರಿಗೆ, ಅಪ್ಪಾ. ಅತ್ಯಾ ಬಸ್ ಹತ್ತ್ಯಾಳ."

ಅಪ್ಪ ಬಾಗಿಲನ್ನು ಮುಚ್ಚದೆ ಹಾಗೇ ಬಿಟ್ಟು ಒಳಗೆ ಹೋದರು. ನಾನು ಒಣ ತಲೆಯಲ್ಲೇ ಒಳಗೆ ನಡೆದೆ. ಅಜ್ಜಿ ಕೂಗಾಡಿದಳು, ಅಪ್ಪ ಪೇಪರಿನ ಹಿಂದೆ ಇದ್ದರು. ಕಾನ್ವೆಂಟ್ ಬಿಡಿಸುತ್ತಾರೆ ಅಂತ ಹೆದರಿದ್ದೆ. ಜೂನ್‌ನಲ್ಲಿ ಅವರೇ ಟ್ರಂಕು ಹೊರಿಸಿ ಬಸ್ಸಿನವರೆಗೆ ಬಂದರು. ಆದರೆ ಏನು ಓದುತ್ತಿದ್ದೀ ಅಂತ ಆಮೇಲೆ ಒಮ್ಮೆಯೂ ಕೇಳಲಿಲ್ಲ. ಆ ಪ್ರಶ್ನೆಯನ್ನು ನಾನು ಬಹಳ ಮಿಸ್ ಮಾಡಿಕೊಂಡೆ, ಈಗಲೂ.

ಅತ್ಯಾನ ಕೊನೆಯ ಭೇಟಿ ಹೊರ್ತಿಯಲ್ಲಿ. ನಾನಾಗ ಸಿಂದಗಿಯಲ್ಲಿ ನೌಕರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಅಪ್ಪ ಹಾಸಿಗೆ ಹಿಡಿದಿದ್ದರು, ಡಾಕ್ಟರ್ ಕೈ ಚೆಲ್ಲಿದ್ದರು. ಕಾಕಾನ ಮಾತು ಹೊತ್ತುಕೊಂಡು ಇಂಡಿ ಊರಿನ ಮೇಲೆ ಹಾದು ಹೋದೆ. ಲಿಂಬೆ ಗಿಡಗಳ ನಡುವೆ ಸಣ್ಣ ಮನೆ, ಆಚೆ ಬದಿಗೆ ಸಾಲಿ. ಮಾಳಪ್ಪ ಮಾಸ್ತರರು ಬಾಗಿಲಲ್ಲೇ ಎದುರಾದರು, ಕನ್ನಡಕ ಬಂದಿತ್ತು.

"ಬರ್ರಿ ಸುಧಾತಾಯಿ, ಒಳಗ ಬರ್ರಿ. ಇಲ್ಲಿ ಹೊರಗ ಕುಂಡ್ರೂ ಪದ್ಧತಿ ಇಲ್ರಿ."

ಅತ್ಯಾ ಲಿಂಬೆಹಣ್ಣಿನ ಪಾನಕ ಕೊಟ್ಟಳು. ಕೂದಲು ಅರ್ಧ ನರೆತಿತ್ತು, ಹಣೆಯಲ್ಲಿ ಕಾಸಿನಗಲ ಕುಂಕುಮ. ನಾನು ಅಪ್ಪನ ವಿಷಯ ಹೇಳಿದೆ. ಅವಳು ಕೇಳಿದ್ದು ಒಂದೇ.

"ಅಣ್ಣ ಕರದನೇನು?"

"ಕಾಕಾ ಹೇಳಿ ಕಳಸ್ಯಾರ. ಕತ್ತಲಾದ ಮ್ಯಾಲೆ ಬಂದು, ನೋಡಿ, ಬೆಳಗಾಗೂದರಾಗ ಹೋಗು ಅಂತ."

"ನಾ ಕೇಳಿದ್ದು ಅಣ್ಣ ಕರದನೇನು ಅಂತ."

"ಅಪ್ಪ ಏನೂ ಅಂದಿಲ್ಲ."

"ಅಣ್ಣಗ ಹೇಳು, ಸಿಂಧೂ ಬರ್ತಾಳ. ಹಗಲ ಬರ್ತಾಳ. ಗಂಡನ್ನ ಕರಕೊಂಡು ಬರ್ತಾಳ, ಇಬ್ಬರೂ ಒಳಗ ಬಂದು ನಿನ್ನ ಕಾಟಿನ ಹತ್ರ ಕೂಡ್ತಾರ. ಹೂಂ ಅಂದ್ರ ಸಾಕು, ಇವತ್ತೇ ಹೊಂಡತೀನಿ."

ನನಗೆ ಸಿಟ್ಟು ಬಂತು. ಇಷ್ಟು ಹಟ ಯಾಕೆ ಅಂತ ದನಿ ಏರಿಸಿದೆ. "ಹಿ ಈಸ್ ಡೈಯಿಂಗ್, ಅತ್ಯಾ!"

"ಗೊತ್ತದ," ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮುಚ್ಚಿಕೊಳ್ಳಲಿಲ್ಲ. "ನನ್ನ ಜಡಿ ಉಳಿಸಿದಾಂವ ಅಂವ. ಅಂವನ್ನ ನೋಡಬೇಕು ಅಂತ ನನಗೂ ಅದ. ಆದ್ರ ಕದ್ದು ಹೋದ್ರ, ಇಷ್ಟು ವರ್ಷ ನಾ ಸಂಸಾರಾ ಮಾಡಿದ್ದೆಲ್ಲಾ ಕಳ್ಳತನಾ ಆಗ್ತದ, ಸುಧಿ."

ಆ ಮಾತನ್ನು ನಾನು ಅಪ್ಪನಿಗೆ ಇದ್ದದ್ದು ಇದ್ದಂತೆ ಮುಟ್ಟಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಆ ವಾರವೇ ಹೋದರು. ಅತ್ಯಾ ಬರಲಿಲ್ಲ. ಮುಂದೆ ಹೊರ್ತಿಯಿಂದ ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ದೂರದ ಊರಿನಲ್ಲಿ ಪೇಪರ್ ವ್ಯಾಲ್ಯುಯೇಶನ್‌ಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ತಿಳಿಯಿತು.

ಆವತ್ತು ಹೊರ್ತಿಯಲ್ಲಿ ಅವಳು ಬಸ್ಸಿನವರೆಗೆ ಬರಲಿಲ್ಲ. ಸಾಲಿಯ ಗಂಟೆ ಹೊಡೆಯಿತು. "ಒಂದನೇ ಇಯತ್ತೆ ಹುಡುಗರು, ತಡಾ ಆದ್ರ ಗಲಾಟಿ ಮಾಡ್ತಾವ," ಅಂತ ನನ್ನ ಗಲ್ಲ ಸವರಿ, ಬಿಸಿಲಲ್ಲಿ ಅಂಗಳ ದಾಟಿ ಹೋದಳು. ಬಸ್ಸು ಬರುವ ತನಕ ನಾನು ರಸ್ತೆಯ ಈಚೆ ನಿಂತಿದ್ದೆ. ತೆರೆದ ಕಿಟಕಿಯಲ್ಲಿ ಅವಳು ಕಾಣುತ್ತಿದ್ದಳು. ಮಕ್ಕಳು ಎದ್ದು ನಿಂತು "ನಮಸ್ಕಾರ್ರೀ ಅಕ್ಕಾರ" ಅಂತ ರಾಗ ಎಳೆದವು. ಅತ್ಯಾ ಕೈಯಾಡಿಸಿ ಕೂಡಿಸಿದಳು, ಖಡು ತೆಗೆದುಕೊಂಡು ಹಲಗೆಯ ಕಡೆ ತಿರುಗಿದಳು, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದಳು.